ಎಳೆಯಬಾರದಿದ್ದ ದಾರ

ಪೆಂಬಾ ದ್ವೀಪದವರಿಗೆ ಸಮುದ್ರದ ಬಗ್ಗೆ ಪಾಠ ಹೇಳಲು ಹೋದರೆ ಬೈಸಿಕೊಳ್ಳುವುದು ಖಂಡಿತ. ಒಂಬತ್ತು ವರ್ಷದಿಂದ ಪೆಂಬಾ ಮತ್ತು ಎದುರು ದಡದ ಟಾಂಗಾ ಪಟ್ಟಣದ ನಡುವೆ ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಹಾರಿಸುತ್ತಿದ್ದ ಸೆಫುಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಲೈಫ್ ಜಾಕೆಟ್ ಎತ್ತಿ ತೋರಿಸುವುದನ್ನೇ ಬಿಟ್ಟಿದ್ದ. "ಜಾಕೆಟ್ ಸೀಟಿನ ಕೆಳಗಿದೆ" ಅಂದರೆ ಅವನ ಪಾಠ ಮುಗಿಯಿತು.

ಆ ಬೆಳಿಗ್ಗೆ ಅಷ್ಟನ್ನೂ ಪೂರ್ತಿ ಹೇಳಗೊಡಲಿಲ್ಲ ಪಕ್ಕದ ಸೀಟಿನ ಫಾಕಿ. ವಾರಕ್ಕೊಮ್ಮೆ ಹಾರುವ ಲವಂಗದ ವ್ಯಾಪಾರಿ ಅವನು. "ನಾನು ಹುಟ್ಟಿದ್ದೇ ದೋಣೀಲಿ ಕ್ಯಾಪ್ಟನ್. ನಿನ್ನ ಪುರಾಣ ಸಾಕು, ನಡಿ," ಎಂದು ಚಾಕುವಿನಿಂದ ಕಿತ್ತಳೆ ಸುಲಿಯುತ್ತ ಕೂತ. ಹಿಂದಿನ ಸೀಟಿನಲ್ಲಿ ಮುದುಕಿ ಬೀ ಜೋಖಾ ಮತ್ತು ಆಕೆಯ ಮಗಳು ಜುವೇನಾ. ಕಣ್ಣಿನ ಪೊರೆ ತೆಗೆಸಲು ಮಗಳು ತಾಯಿಯನ್ನು ಟಾಂಗಾಕ್ಕೆ ಕರೆದೊಯ್ಯುತ್ತಿದ್ದಳು. ಇಬ್ಬರೂ ವಿಮಾನ ಹತ್ತಿದ್ದು ಅದೇ ಮೊದಲು. ಸೆಫು ಅದನ್ನು ಕೇಳಲೂ ಇಲ್ಲ.

ನಡುಗಡಲಿನಲ್ಲಿ ಎಂಜಿನ್ ಒಮ್ಮೆ ಒದರಿ ನಿಂತುಹೋಯಿತು. ಗಾಜಿನ ತುಂಬ ಕಪ್ಪು ಎಣ್ಣೆ. ಮೂರು ಸಾವಿರ ಅಡಿ ಎತ್ತರ. ಯಾವ ದಡವೂ ಎಟುಕುವಂತಿರಲಿಲ್ಲ.

"ಜಾಕೆಟ್ ಹಾಕ್ಕೊಳ್ಳಿ," ಎಂದ ಸೆಫು. ರೇಡಿಯೋದಲ್ಲಿ ತಾವಿರುವ ಜಾಗ ಹೇಳಿದ. ತನ್ನ ಜಾಕೆಟ್ಟಿಗೆ ಬಗ್ಗಲು ಕೈ ಬಿಡುವಿರಲಿಲ್ಲ. ಅಷ್ಟರಲ್ಲಿ ಹಿಂದೆ ಬುಸ್ಸೆಂದು ಸದ್ದಾಯಿತು.

"ಅಮ್ಮನ ಜಾಕೆಟ್ ಉಬ್ಬಿಬಿಡ್ತು," ಎಂದಳು ಜುವೇನಾ. "ಕೈಗೆ ದಾರ ಸಿಕ್ತು ಅಂತ ಎಳೆದರು."

ನೀರು ನುಗ್ಗಿದರೆ ಉಬ್ಬಿದ ಜಾಕೆಟ್ ಆಕೆಯನ್ನು ಎತ್ತಿ ಚಾವಣಿಗೆ ಒತ್ತಿಬಿಡುತ್ತದೆ. ಬಾಗಿಲಿರುವುದು ಕೆಳಗೆ.

"ಫಾಕಿ, ಅದನ್ನ ಕುಯ್ದುಬಿಡು."

"ಆಮೇಲೆ ಏನು ಹಾಕ್ಕೋತಾರೆ?"

"ಮೊದಲು ಹೊರಗೆ ಬರಲಿ. ನೀವಿಬ್ಬರೂ ದಾರ ಹೊರಗೆ ಹೋದಮೇಲೇ ಎಳೀಬೇಕು."

ಫಾಕಿ ಹಿಂದಕ್ಕೆ ವಾಲಿ ಕುಯ್ದ. ಮುದುಕಿ ತಪ್ಪು ಮಾಡಿದ ಮಗುವಿನಂತೆ ಎರಡೂ ಕೈ ಎತ್ತಿ ಕೂತಿದ್ದಳು. ಜಾಕೆಟ್ಟಿಗೆ ಬಾಯಿಂದ ಊದುವ ಕೊಳವೆಯ ತುದಿ ಒತ್ತಿದ್ದರೆ ಗಾಳಿ ತಾನಾಗಿ ಇಳಿಯುತ್ತಿತ್ತು, ಜಾಕೆಟ್ ಉಳಿಯುತ್ತಿತ್ತು. ಒಂಬತ್ತು ವರ್ಷ ಹಾರಿಸಿದವನಿಗೆ ಅದು ನೆನಪಾದದ್ದು ನೀರಿಗೆ ಬಿದ್ದ ಮೇಲೆ.

ಬಾಗಿಲು ಬಿಗಿದುಕೊಳ್ಳದಂತೆ ಫಾಕಿಯಿಂದ ಸಂದಿಗೆ ಚಪ್ಪಲಿ ತುರುಕಿಸಿ, ಸೆಫು ಅಲೆಯ ಉದ್ದಕ್ಕೆ ಸರಿಯಾಗಿಯೇ ಇಳಿಸಿದ. ಆದರೂ ಚಕ್ರ ನೀರಿಗೆ ಸಿಕ್ಕಿ ವಿಮಾನ ಮಗುಚಿತು. ನಾಲ್ವರೂ ಹೊರಬಂದರು. ಸೆಫು ಮುದುಕಿಯನ್ನು ಕೂದಲು ಹಿಡಿದೇ ಎಳೆದು ತಂದ. ತನ್ನ ಜಾಕೆಟ್ಟಿಗೆಂದು ತಿರುಗುವಷ್ಟರಲ್ಲಿ ವಿಮಾನ ಮುಳುಗಿಹೋಯಿತು.

ನಾಲ್ಕು ಜೀವ, ಎರಡು ಜಾಕೆಟ್. ಜುವೇನಾ ಯಾರನ್ನೂ ಕೇಳಲಿಲ್ಲ. ತನ್ನದನ್ನು ಬಿಚ್ಚಿ ತಾಯಿಗೆ ತೊಡಿಸಿದಳು, ಸೊಂಟದ ಕಾಂಗಾ ಬಟ್ಟೆಯಿಂದ ತಾಯಿಯನ್ನು ಫಾಕಿಗೆ ಕಟ್ಟಿದಳು. ಅವಳೂ ಸೆಫುವೂ ಫಾಕಿಯ ಜಾಕೆಟ್ಟಿನ ಪಟ್ಟಿ ಹಿಡಿದು ನೇತಾಡಿದರು. ಕಡಲಿನ ಸೆಳೆತ ಎಲ್ಲರನ್ನೂ ಉತ್ತರಕ್ಕೆ ಒಯ್ಯುತ್ತಿತ್ತು. ವಿಮಾನ ಮಗುಚಿದಾಗ ಜುವೇನಾಳ ಹಣೆ ಒಡೆದಿತ್ತು.

ಮೂರು ತಾಸಾದ ಮೇಲೆ ದೊಡ್ಡ ಅಲೆಯೊಂದು ಬಂದು ಹೋಯಿತು. ಪಟ್ಟಿಯ ಮೇಲೆ ಈಗ ಸೆಫುವಿನ ಕೈ ಮಾತ್ರ ಇತ್ತು, ಜುವೇನಾಳದು ಇರಲಿಲ್ಲ. ಅವನು ಎರಡು ಸಲ ಮುಳುಗಿ ಹುಡುಕಿದ. ಮೂರನೆಯ ಸಲಕ್ಕೆ ಫಾಕಿ ಅವನ ಕಾಲರ್ ಹಿಡಿದುಕೊಂಡ.

"ಜುವೇನಾ?" ಎಂದಳು ಮುದುಕಿ.

"ಹಿಂದೆ ಇದಾಳೆ," ಎಂದ ಫಾಕಿ. ಎದುರಿಗಿದ್ದವರೇ ಕಾಣದವಳಿಗೆ ಹಿಂದಿರುವವರು ಕಾಣುತ್ತಾರೆಯೇ? ಆಮೇಲೆ ಆಕೆ ಮತ್ತೆ ಮತ್ತೆ ಕೇಳಿದಳು, ಫಾಕಿ ಅದನ್ನೇ ಹೇಳಿದ, ಪ್ರತಿ ಸಲವೂ ಸೆಫುಗೆ ಸಾಯಬೇಕೆನಿಸಿತು.

ಮೀನುಗಾರರು ಮಧ್ಯಾಹ್ನ ಅವರನ್ನು ಎತ್ತಿಕೊಂಡರು. ದೋಣಿಯಲ್ಲಿ ಬೀ ಜೋಖಾ ಕೈಯಾಡಿಸಿ ಒಬ್ಬೊಬ್ಬರ ಮುಖ ಮುಟ್ಟಿ ನೋಡಿದಳು. ಫಾಕಿ ಮುಖ ತಿರುಗಿಸಿದ. ಕೊನೆಗೆ ಆಕೆ ತಾನು ತೊಟ್ಟಿದ್ದ ಮಗಳ ಜಾಕೆಟ್ಟನ್ನು ಮುಟ್ಟಿಕೊಂಡಳು.

"ನಾನು ದಾರ ಎಳೆದೆನಲ್ಲ, ಅದಕ್ಕೇ ಹೀಗಾಯ್ತಾ?"

"ಇಲ್ಲ," ಎಂದ ಸೆಫು. "ಎಳೀಬಾರದು ಅಂತ ನಾನು ಹೇಳಿರಲಿಲ್ಲ."

ಮುದುಕಿ ಅವನ ದನಿ ಬಂದ ಕಡೆ ತಿರುಗಿದಳು. ಆಕೆಯ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಒಂದು ಮಾತು ಹೇಳಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ ಮಗನೇ," ಎಂದಳು.