ಶ್ರೀರಾಂಪುರದ ರಾಯಟ್

ಶ್ರೀರಾಂಪುರದ ನಲ್ಲಿಯಲ್ಲಿ ವಾರದಿಂದ ನೀರಿರಲಿಲ್ಲ. ಆ ಬೆಳಿಗ್ಗೆ ಅಲ್ಲಿಯ ಹೆಂಗಸರು ಕೊಡಗಳನ್ನು ರಸ್ತೆಗೆ ಅಡ್ಡಲಾಗಿ ಜೋಡಿಸಿ ಕುಳಿತೇಬಿಟ್ಟರು. ಹಿಂದೆ ಒಂದು ಮೋಟಾರು ಹಾರ್ನ್ ಬಾರಿಸುತ್ತ ನಿಂತಿತ್ತು.

"ನಿಮ್ ಕಾರಿಗೆ ಪೆಟ್ರೋಲ್ ಐತೆ, ನಮ್ ನಲ್ಲಿಗೆ ನೀರಿಲ್ಲ. ಕೂಗ್ಲಿ ಬಿಡಿ, ಅದಕ್ಕಾದ್ರೂ ಗಂಟ್ಲೈತೆ!" ಎಂದಳು ಅವರಲ್ಲೊಬ್ಬಳಾದ ಮುನಿಯಮ್ಮ.

ಮಲ್ಲೇಶ್ವರದ ಬಾಲಿಕಾ ಪಾಠಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಮಹಾನಂದ ಅದೇ ದಾರಿಯಲ್ಲಿ ಶಾಲೆಗೆ ಹೊರಟಿದ್ದಳು. ಪೇದೆಯೊಡನೆ ಆಗತಾನೆ ಬಂದಿಳಿದ ಇನ್‌ಸ್ಪೆಕ್ಟರು, "ಏನಮ್ಮಾ ಇದು?" ಎಂದು ಕೇಳಿದಾಗ ಆಕೆ ನಗುತ್ತ, "ಅಯ್ಯೋ, ಪೂರಾ ರಾಯಟ್!" ಎಂದು, ಗಳಿಗೆ ಹೊತ್ತು ನಿಂತು ನೋಡಿ, ನಡೆದುಬಿಟ್ಟಳು.

ಅದು ಆಕೆಯ ರೂಢಿಯ ಮಾತು. ತರಗತಿಯಲ್ಲಿ ಗದ್ದಲವಾದರೆ ರಾಯಟ್, ಲಾಲ್‌ಬಾಗಿನಲ್ಲಿ ಹೂಗಳು ನೂರು ಬಣ್ಣದಲ್ಲಿ ಬಿರಿದರೆ ರಾಯಟ್, ನಾದಿನಿಯ ತಮಾಷೆಗೆ ನಕ್ಕು ಸುಸ್ತಾದರೆ, "ಇವಳೊಬ್ಳು ರಾಯಟ್ ಕಣೇ!" ಇಂಗ್ಲಿಷರ ಮನೆಮಾತಿನಲ್ಲಿ ಹೀಗೆ ಹಗುರಾಗಿ ಸುಳಿದಾಡುವ ಆ ಪದಕ್ಕೆ ನ್ಯಾಯಸ್ಥಾನದಲ್ಲಿ ದೊಂಬಿಯೆಂದು ಅರ್ಥ, ಸೆರೆಮನೆಯೇ ಫಲ. ಪೊಲೀಸರು ಆ ಆರು ಮಂದಿ ಹೆಂಗಸರ ಮೇಲೆ ದೊಂಬಿಯ ಮೊಕದ್ದಮೆ ಹೂಡಿ, ಉಪಾಧ್ಯಾಯಿನಿಯ ಬಾಯಿಮಾತನ್ನೇ ಆಧಾರ ಮಾಡಿ, ಆಕೆಗೆ ಸಮನ್ಸ್ ಕೊಡಿಸಿದಾಗ ಮಹಾನಂದಳಿಗೆ ಅದು ತಿಳಿಯಿತು. ಲಿಂಗಪೂಜೆಗೆ ಕುಳಿತರೂ ಚಿತ್ತ ನಿಲ್ಲಲಿಲ್ಲ.

"ಎಲ್ರೂ ಅನ್ನೋ ಮಾತು ತಾನೆ? 'ಹೌದು, ಅಂದೆ' ಅಂತ ಹೇಳಿ ಬಂದ್ಬಿಡು. ಸುಳ್ಳೇನಲ್ವಲ್ಲ," ಎಂದನು ಪತಿ ಚಂದ್ರಶೇಖರಯ್ಯ. "ದೂರು ಕೊಟ್ಟಿರೋ ಮೋಟಾರಿನವರು ನಿಮ್ಮ ಶಾಲೆ ಅಧ್ಯಕ್ಷರು. ಎದುರು ಹಾಕ್ಕೊಂಡ್ರೆ ಕೆಲಸ ಉಳಿಯುತ್ತಾ?"

"ನಾನು ಅಂದಿದ್ದು ನಿಜ ರೀ. ಆದರೆ ಅಲ್ಲಿ ಅದು ನಡೀಲೇ ಇಲ್ವಲ್ಲ! ನನ್ನ ನಾಲಗೆ ಚಪಲಕ್ಕೆ ಅವರು ಜೈಲಿಗೆ ಹೋಗ್ಬೇಕಾ?"

"ನಾಲಗೆ ನಿಂದು, ಅನ್ನ ಇಬ್ಬರದು. ಯೋಚ್ನೆ ಮಾಡು."

ವಿಚಾರಣೆಯ ದಿನ ಅಧ್ಯಕ್ಷರು ಮುಂದಿನ ಬೆಂಚಿನಲ್ಲೇ ಕುಳಿತಿದ್ದರು. ಮಹಾನಂದ ಅವರಿಗೆ ಕೈಮುಗಿದು, ಸಾಕ್ಷಿಯ ಕಟ್ಟೆಯೇರಿ, ಕನ್ನಡದಲ್ಲಿ ಮಾತನಾಡತೊಡಗಿದಳು.

"ಇಂಗ್ಲಿಷ್ ಉಪಾಧ್ಯಾಯಿನಿ ನೀವು, ಇಂಗ್ಲಿಷಿನಲ್ಲೇ ಹೇಳಬಹುದಲ್ಲ?" ಎಂದರು ಸರ್ಕಾರಿ ವಕೀಲರು.

"ಒಂದ್ಸಲ ಹೇಳಿದ್ದಕ್ಕೇ ಇಷ್ಟಾಗಿದೆ, ಸ್ವಾಮಿ. ಈಗ ಕಟಕಟೆಯಲ್ಲಿರೋ ಇವರಿಗೂ ಅರ್ಥವಾಗ್ಲಿ."

"ರಾಯಟ್ ಎಂದದ್ದು ನೀವೇ ತಾನೆ?"

"ನಾನೇ. ಮಕ್ಕಳು ಗಲಾಟೆ ಮಾಡಿದ್ರೂ ಅದನ್ನೇ ಅಂತೀನಿ. ಅವರನ್ನೂ ಹಿಡ್ಕೊಂಡು ಬರ್ತೀರಾ?"

ಜನ ನಕ್ಕರು. ಮ್ಯಾಜಿಸ್ಟ್ರೇಟರು ಹುಬ್ಬು ಗಂಟಿಕ್ಕಿದರು. "ಚಮತ್ಕಾರ ಬೇಡ. ಬಲಪ್ರಯೋಗ ಆಯಿತೋ, ಇಲ್ಲವೋ?"

"ಆಯ್ತು, ಸ್ವಾಮಿ. ಒಂದು ಮಣ್ಣಿನ ಕೊಡ ಒಡೀತು."

ವಕೀಲರ ಮುಖ ಅರಳಿತು. "ಒಡೆದವರು ಯಾರು?"

ಮಹಾನಂದ ಇನ್‌ಸ್ಪೆಕ್ಟರ ಹಿಂದೆ ನಿಂತಿದ್ದ ಪೇದೆಯತ್ತ ಬೆರಳು ಮಾಡಿದಳು. "ಇವರ ಬೂಟು."

"ನಂದೇ ಸ್ವಾಮಿ, ಆ ಕೊಡ!" ಕಟಕಟೆಯಿಂದ ಮುನಿಯಮ್ಮ ಕೂಗಿದಳು. "ಹೊಸಾದು!"

ಅಧ್ಯಕ್ಷರು ಶಲ್ಯ ಕೊಡವಿ ಎದ್ದು ಬಾಗಿಲತ್ತ ನಡೆದರು. ತನ್ನ ಉದ್ಯೋಗವೂ ಅವರೊಡನೆ ಹೊರಟಿತೆಂಬುದು ಮಹಾನಂದಳಿಗೆ ಗೊತ್ತಿತ್ತು. ಅವರಿಗೂ ಕೇಳಿಸುವಂತೆ ದನಿಯೇರಿಸಿದಳು.

"ಈ ಹೆಂಗಸರು ಯಾರ ಮೇಲೂ ಕೈಯೆತ್ತಲಿಲ್ಲ. ನೀರು ಕೇಳ್ಕೊಂಡು ಕೂತಿದ್ರು. ನಾನು ನಿಂತು ನಕ್ಕೆ. ಅದನ್ನೂ ಬರ್ಕೊಳ್ಳಿ, ಸ್ವಾಮಿ."