ಎಳೆ ಕೂಡುವಷ್ಟು ಹೊತ್ತು

ಮೊಳಕಾಲ್ಮೂರಿನ ಗಾದ್ರಪ್ಪನಿಗೆ ಮಾತು ಕಡಿಮೆ, ಗೊಣಗಾಟ ಜಾಸ್ತಿ. ಮೂವತ್ತೆಂಟು ವರ್ಷದಿಂದ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವನು. ನಡುವೆ ಉದ್ದಕ್ಕೆ ಹಾಸಿದ ಎಳೆ ಕಿತ್ತುಹೋದರೆ ಅವನು ಹೇಳುವುದು ಎರಡೇ ಮಾತು: "ಎಳೆ ಹೋಯ್ತು." ಹೆಂಡತಿ ಜೋಗಮ್ಮ ಒಲೆ ಮುಂದಿರಲಿ, ಹಿತ್ತಲಲ್ಲಿರಲಿ, ಬಂದು ಬೆರಳಿಗೆ ಬೂದಿ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ಎಳೆ ಕೂಡಿಸುತ್ತಿದ್ದಳು. ಉಸಿರಾಡಿದರೆ ರೇಷ್ಮೆಯ ತುದಿ ಹಾರಿಬಿಡುತ್ತದೆ. ಗಂಟು ಬಿದ್ದ ಮೇಲೆ "ಕೂಡ್ತು" ಅನ್ನುವಳು. ಆಮೇಲೆಯೇ ಇವನ ಲಾಳಿ ಓಡಬೇಕು. ಅವರ ಸಂಸಾರದ ಅರ್ಧ ಮಾತುಕತೆ ಇಷ್ಟರಲ್ಲೇ ಮುಗಿದಿತ್ತು ಅಂದರೂ ತಪ್ಪಿಲ್ಲ.

ಜೋಗಮ್ಮನಿಗೆ ಹೊಟ್ಟೆನೋವು ಬಂತು. ನೋವೇನೋ ಗುಳಿಗೆಗೆ ಹೋಯಿತು. ಆದರೆ ಸ್ಕ್ಯಾನಿನಲ್ಲಿ ಎಡ ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಗೋಲಿಗಾತ್ರದ ಗಡ್ಡೆ ಕಂಡಿತು. ಸಾಧು ಗಡ್ಡೆಯೋ ಕ್ಯಾನ್ಸರೋ ತಿಳಿಯಲು ಎಂಆರ್‌ಐ ಆಗಬೇಕು ಅಂದರು ಚಳ್ಳಕೆರೆಯ ಡಾಕ್ಟರು. ಅಂದಿನಿಂದ ಗಾದ್ರಪ್ಪ ಗೊಣಗುವುದನ್ನೇ ಬಿಟ್ಟ. ಜೋಗಮ್ಮ ಹೆದರಿದ್ದು ಅದಕ್ಕೇ.

ಎಂಆರ್‌ಐ ದಿನ, ಯಂತ್ರ ನಡೆಸುವ ಕಾಂಚನಾ ಜೋಗಮ್ಮನ ಕಾಲುಂಗುರ ಬಿಚ್ಚಿಸಿ ಗಾದ್ರಪ್ಪನ ಕೈಗಿಟ್ಟಳು. "ಉಸಿರು ಹಿಡೀರಿ ಅಂದಾಗ ಹಿಡೀಬೇಕಮ್ಮ, ಹದಿನೈದೇ ಸೆಕೆಂಡು." ಒಳಗೆ ಯಂತ್ರ ದಡದಡ ಬಡಿಯಿತು. ಹೊರಗಿನ ಮೈಕಿನಿಂದ ಗುರುತಿಲ್ಲದ ದನಿ ಕಿವಿಯಲ್ಲಿ ಏನೋ ಹೇಳಿತು. ಜೋಗಮ್ಮನಿಗೆ ಜೀವ ಬಾಯಿಗೆ ಬಂದು, ಮೂರು ಸಲವೂ ಏದುಸಿರು ಬಿಟ್ಟಳು. ಮೂರು ಸಲವೂ ಚಿತ್ರ ಕಲಸಿಹೋಯಿತು.

"ಗಡ್ಡೆ ಒಳಗೆ ಕೊಬ್ಬೈತಾ ಅಂತ ನೋಡ್ಬೇಕು ಯಜಮಾನ್ರೇ. ಇದ್ರೆ ಒಳ್ಳೇದು, ಭಯ ಇಲ್ಲ. ಹಿಂಗಾದ್ರೆ ಏನೂ ಕಾಣಲ್ಲ. ಮುಂದಿನ ವಾರ ಬನ್ನಿ," ಅಂದಳು ಕಾಂಚನಾ.

ಇನ್ನೊಂದು ವಾರ ಧೈರ್ಯದ ಮುಖ ಹೊತ್ತು ತಿರುಗುವ ತಾಕತ್ತು ಗಾದ್ರಪ್ಪನಿಗಿರಲಿಲ್ಲ. ಗಾಜಿನಾಚೆ ಜೋಗಮ್ಮನ ಬೋಳು ಕಾಲ್ಬೆರಳು ಮಾತ್ರ ಕಾಣುತ್ತಿದ್ದವು.

"ಆ ಮೈಕು ಒಂಚೂರು ನನಗೆ ಕೊಡ್ತೀಯೇನವ್ವ?"

ಕಾಂಚನಾ ಅನುಮಾನದಿಂದಲೇ ಕೊಟ್ಟಳು. ಗಾದ್ರಪ್ಪ ಗಂಟಲು ಸರಿಮಾಡಿಕೊಂಡು, ಮಗ್ಗದ ಮನೆಯ ಅದೇ ಸಿಡುಕು ದನಿಯಲ್ಲಿ ಹೇಳಿದ: "ಎಳೆ ಹೋಯ್ತು."

ಕಾಂಚನಾಳ ಪರದೆಯ ಮೇಲೆ ಏರಿಳಿಯುತ್ತಿದ್ದ ಉಸಿರಿನ ಗೆರೆ ತಟ್ಟನೆ ನಿಂತಿತು. ಯಂತ್ರ ಬಡಿದು ಸುಮ್ಮನಾಯಿತು. ಕಾಂಚನಾ ಕೈಯೆತ್ತಿದಾಗ, ಜನ್ಮದಲ್ಲಿ ಮೊದಲ ಸಲ ಹೆಂಡತಿಯ ಮಾತನ್ನು ಇವನು ಆಡಿದ: "ಕೂಡ್ತು." ಗೆರೆ ಮತ್ತೆ ಏರಿತು. ಹೀಗೆ ಆರು ಸಲ ಎಳೆ ಹೋಯಿತು, ಆರು ಸಲ ಕೂಡಿತು.

ಸಂಜೆ ಡಾಕ್ಟರು ಲಕೋಟೆ ತೆರೆದು ಚಿತ್ರಗಳನ್ನು ನೋಡಿದರು. "ಈ ಚಿತ್ರದಲ್ಲಿ ಬೆಳ್ಳಗಿದ್ದ ಗಡ್ಡೆ ಇನ್ನೊಂದರಲ್ಲಿ ಕಪ್ಪಾಗಿದೆ ನೋಡಿ. ಒಳಗೆ ಕೊಬ್ಬಿದೆ ಅಂತ ಅರ್ಥ. ಕ್ಯಾನ್ಸರ್ ಅಲ್ಲ. ರಕ್ತಪರೀಕ್ಷೆಯೂ ಸರಿಯಿದೆ. ಆಪರೇಷನ್ ಬೇಡ, ವರ್ಷ ಬಿಟ್ಟು ಬಂದು ತೋರಿಸಿ."

ಗಾದ್ರಪ್ಪ ತಲೆಯಾಡಿಸಲೂ ಇಲ್ಲ. ಜೋಗಮ್ಮ ತಿರುಗಿ ನೋಡಿದರೆ, ಅವನ ಮುಖ ಕೆಂಪಗಾಗಿತ್ತು. ಡಾಕ್ಟರು ಲಕೋಟೆ ತೆರೆದಾಗ ಹಿಡಿದ ಉಸಿರು ಇನ್ನೂ ಬಿಟ್ಟಿರಲಿಲ್ಲ.

"ಕೂಡ್ತು," ಅಂದಳು ಅವಳು, ಮೆಲ್ಲಗೆ. "ಬಿಡ್ರಿ."

ಅವನು ಉಸಿರು ಬಿಟ್ಟ. ಕಣ್ಣೊರೆಸಿಕೊಂಡು ಜೇಬಿಗೆ ಕೈಹಾಕಿ ಕಾಲುಂಗುರ ತೆಗೆದ. ಮದುವೆಯ ದಿನ ತೊಡಿಸಿದ ಮೇಲೆ ಆ ಕಾಲನ್ನು ಅವನು ಮುಟ್ಟಿರಲಿಲ್ಲ. ಡಾಕ್ಟರ ಎದುರಿಗೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಗೊಣಗತೊಡಗಿದ: "ಬೆಳಗ್ಗಿಂದ ಬರೀ ಬೆರಳಲ್ಲಿ ತಿರುಗ್ತಿದ್ದೀಯ, ಒಂದು ಸಲನಾದ್ರೂ ಕೇಳಿದೆಯಾ? ನೀಡು ಕಾಲು."

ಜೋಗಮ್ಮ ನಗುತ್ತಾ ಕಾಲು ನೀಡಿದಳು.