ಚಂದಾದಾರರು ವ್ಯಾಪ್ತಿ ಪ್ರದೇಶದಲ್ಲೇ ಇದ್ದಾರೆ

೧
ಈ ಕಥೆಯನ್ನು ‘ಹಲೋ’ ಎಂದು ಆರಂಭಿಸಿದರೆ ನೀವು ಕಟ್ ಮಾಡುತ್ತೀರಿ. ಮಾಡಬೇಕಾದದ್ದೇ. ಗುರುತಿಲ್ಲದ ನಂಬರು, ಗುರುತಿಲ್ಲದ ಕಥೆಗಾರ: ಇಬ್ಬರೂ ಮೊದಲು ಸಲಿಗೆ ಬೆಳೆಸುತ್ತಾರೆ, ಆಮೇಲೆ ಗುಟ್ಟು ಕೇಳುತ್ತಾರೆ. (ಓಟಿಪಿಯನ್ನು ಸ್ವಲ್ಪ ಅಲುಗಾಡಿಸಿ ನೋಡಿ, ಟೋಪಿ.)

ಹಾಗಾದರೆ ಹೀಗೆ: ಮೆಲ್ಕಾರಿನ ಚಪ್ಪಲಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಶಿಶಿರ್ ಎಂಬವನಿದ್ದ.

(ಬೇಡ. ‘ಇದ್ದ’ ಎಂದರೆ ಸತ್ತುಹೋದ ಹಾಗೆ ಕೇಳಿಸುತ್ತದೆ.) ಇದ್ದಾನೆ.

೨
ಅವನ ಸ್ವರವನ್ನು ನೀವು ಕೇಳಿದ್ದೀರಿ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ರಿಕ್ಷಾದ ತಲೆಗೆ ಮೈಕ್ ಕಟ್ಟಿಕೊಂಡು ಸೀರೆ ಸೇಲ್, ರಕ್ತದಾನ ಶಿಬಿರ ಎಂದು ಕೂಗುವುದೆಲ್ಲ ಅವನೇ ರೆಕಾರ್ಡ್ ಮಾಡಿಕೊಟ್ಟದ್ದು. ಗಂಡುಸ್ವರ, ಹೆಣ್ಣುಸ್ವರ, ಯಾವುದು ಬೇಕಾದರೂ. ಊರಿಡೀ ಅವನನ್ನು ಕೇಳುತ್ತದೆ. ‘ಊಟ ಆಯ್ತಾ’ ಎಂದು ಅವನನ್ನು ಕೇಳುವವರಿಲ್ಲ.

ಫೋನ್ ಬರುವುದು ಇಬ್ಬರದೇ. ಕೆವೈಸಿ ಅವಧಿ ಮುಗಿದಿದೆ ಎನ್ನುವ ಬ್ಯಾಂಕಿನವರು, ನಿಮ್ಮ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎನ್ನುವ ಪೊಲೀಸರು. ಬ್ಯಾಂಕೂ ಸುಳ್ಳು, ಪೊಲೀಸೂ ಸುಳ್ಳು. ಮೊದಮೊದಲು ಅವನು ಅವರಿಗೆ ಕಿವುಡಜ್ಜಿಯಾಗಿ, ಜ್ಯೋತಿಷಿಯಾಗಿ, ಒಮ್ಮೆ ಎಮ್ಮೆಯಾಗಿಯೂ ಉತ್ತರಿಸಿದ. ಆಮೇಲೆ ಪಕ್ಕಾ ಉಪಾಯವೊಂದು ಹೊಳೆಯಿತು. ಗುರುತಿಲ್ಲದ ನಂಬರಾದರೆ ಎತ್ತುವುದು, ಫೋನ್ ಕಂಪನಿಯ ಆ ಹೆಂಗಸಿನ ಸ್ವರದಲ್ಲಿ ಹೇಳುವುದು: “ನೀವು ಕರೆ ಮಾಡಿದ ಚಂದಾದಾರರು ಈಗ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.” ಆ ಕಡೆ ಕಟ್.

“ನನ್ನನ್ನು ಒಂಟಿ ಅಂತ ಬರೀಬೇಡಿ ಮಾರಾಯ್ರೆ,” ಎಂದ ಶಿಶಿರ್.

“ಬರೆದಿಲ್ಲವಲ್ಲ.”

“ಎಮ್ಮೆ ಅಂತ ಬರೆದಿದ್ದೀರಲ್ಲ. ಮನೆಯಲ್ಲಿ ಜನ ಇರುವವ ಫೋನಿನಲ್ಲಿ ಎಮ್ಮೆ ಆಗ್ತಾನಾ?”

೩
(ಇಲ್ಲಿ ಶಿಶಿರ್ ವಂಚಕರ ಜಾಲವನ್ನೇ ಹಿಡಿದುಕೊಟ್ಟು ಸನ್ಮಾನ ಮಾಡಿಸಿಕೊಳ್ಳುವ ಅಧ್ಯಾಯವಿತ್ತು. ಅವನೇ ಓದಿ ನಕ್ಕ. ಹರಿದೆ.)

೪
ಶಿಶಿರನ ಊರು ಅಳದಂಗಡಿ. ಮೂಡುಬಿದಿರೆಯ ಕಾಲೇಜಿಗೆ ಹೋಗಿ ಬರುತ್ತಿದ್ದ ಬಸ್ಸಿನಲ್ಲಿ ಸಹಪಾಠಿ ಸುಪ್ರೀತಾ. ಅದೇ ಬಸ್ಸಿನ ಕಂಡಕ್ಟರ್ ಅವಳ ಅಪ್ಪ ಸುಧಾಕರಣ್ಣ. ಸಂಜೆ ಬಾಗಿಲಲ್ಲಿ ಜೋತುಬಿದ್ದು “ವೇಣೂರು, ಅಳದಂಗಡಿ, ಗುರುವಾಯನಕೆರೆ, ಬೆಳ್ತಂಗಡೀ” ಎಂದು ಬಾಲ ಎಳೆಯುವ ಸ್ವರ. ಬಸ್ಸು ನಿಲ್ಲಿಸಲು “ಹೋಲ್ಡಾನ್”, ಹೊರಡಿಸಲು “ರೈಟ್, ಪೋಯಿ”. ಶಿಶಿರ್ ಕಲಿತ ಮೊದಲ ಸ್ವರ ಅದು. ಹಿಂದಿನ ಸೀಟಿನಿಂದ ಅವನು “ಹೋಲ್ಡಾನ್” ಎಂದರೆ ಡ್ರೈವರ್ ಬ್ರೇಕ್ ಹಾಕುತ್ತಿದ್ದ, ಸುಪ್ರೀತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಸುಧಾಕರಣ್ಣ ತೀರಿಕೊಂಡ ವಾರ ಅವಳು ಫೋನಿನಲ್ಲಿ ಅಳುತ್ತಿದ್ದಳು. ಸಮಾಧಾನ ಮಾಡಲೆಂದು ಶಿಶಿರ್ ಅವರ ಸ್ವರವನ್ನೇ ತೆಗೆದ: “ಅಳ್ಬೇಡ ಮಗಾ.”

ಅಳು ನಿಲ್ಲಿಸಿ ಅವಳೆಂದಳು: “ಇನ್ನು ನನಗೆ ಫೋನ್ ಮಾಡ್ಬೇಡ.”

(ಇವರೆಲ್ಲ ಆಡಿದ್ದು ತುಳು. ಅದನ್ನು ಕನ್ನಡದಲ್ಲಿ ಮಿಮಿಕ್ರಿ ಮಾಡುತ್ತಿರುವವನು ನಾನು. ಹಾಗಾಗಿ ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ.)

ವರ್ಷಗಳು ಹೋದವು. ಅವಳು ನಂಬರನ್ನೂ ಬದಲಿಸಿದಳು.

೫
ಈ ಸಂಜೆ ಗುರುತಿಲ್ಲದ ನಂಬರು. ಶಿಶಿರ್ ಎತ್ತಿದ, ಹೆಂಗಸಾದ, ವ್ಯಾಪ್ತಿ ಪ್ರದೇಶದಿಂದ ಹೊರಗೆ ಹೋದ. ಆ ಕಡೆ ಕಟ್ ಆಗಲಿಲ್ಲ.

“ಹೊರಗೇ ಇರು ನೀನು,” ಎಂದಿತು ಒಂದು ಸ್ವರ, ಮೆಷಿನ್ನಿಗೆ ಬೈಯುವ ಧಾಟಿಯಲ್ಲಿ. ಸುಪ್ರೀತಾ. “ಅಪ್ಪನ ಸ್ವರ ಮರೆತು ಹೋಗ್ತಾ ಉಂಟು ಮಾರಾಯ. ಫೋಟೋ ಉಂಟು, ಖಾಕಿ ಅಂಗಿ ಉಂಟು. ಸ್ವರ ಎಲ್ಲಿಯೂ ಇಲ್ಲ, ನಿನ್ನ ಗಂಟಲಲ್ಲಿ ಬಿಟ್ಟರೆ. ಒಮ್ಮೆ ಮಾಡ್ತೀಯಾ ಅಂತ ಕೇಳುವ ಅಂತಿದ್ದೆ. ನೀನು ಎತ್ತಿದ್ರೆ ಕೇಳ್ತಿರ್ಲಿಲ್ಲ, ನಾಚಿಕೆ. ಈ ಹೆಂಗಸಿನತ್ರ ಹೇಳ್ಲಿಕ್ಕೆ ಏನು.”

(ಅವಳಿಗೆ ಗೊತ್ತಾಗುವುದಿಲ್ಲವೇ, ಎತ್ತಿದ ಕರೆಗೆ ಪರದೆಯ ಮೇಲೆ ಸೆಕೆಂಡುಗಳು ಓಡುತ್ತವಲ್ಲ ಎಂದು ನೀವು ಕೇಳುತ್ತೀರಿ. ನಿಜ. ಆದರೆ ಫೋನು ಅವಳ ಕಿವಿಯಲ್ಲಿದೆ.)

ಶಿಶಿರ್ ನನ್ನ ಮುಖ ನೋಡಿದ. “ಈಗ ಯಾವ ಸ್ವರ?”

“ನಿನ್ನದೇ.”

“ಅದು ಹೇಗಿತ್ತು ಅಂತ ನಿಮಗೆ ನೆನಪುಂಟಾ?”

೬
ಮುಕ್ತಾಯಕ್ಕಾಗಿ ಒಂದನ್ನು ಒತ್ತಿ: ಶಿಶಿರ್ ಶಿಶಿರನಾಗಿಯೇ ಮಾತಾಡುತ್ತಾನೆ. ಅವನು ಎಲ್ಲ ಕೇಳಿಸಿಕೊಂಡನೆಂದು ತಿಳಿದು ಅವಳು ನಾಚಿಕೆಯಿಂದ ಫೋನಿಡುತ್ತಾಳೆ. ಈ ಸಲ ಶಾಶ್ವತವಾಗಿ.

ಎರಡನ್ನು ಒತ್ತಿ: ಹೆಂಗಸು ಹೇಳುತ್ತಾಳೆ, “ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.” ಸುಪ್ರೀತಾ ಮತ್ತೆ ಪ್ರಯತ್ನಿಸುವ ಜಾತಿಯಲ್ಲ.

ಮೂರನ್ನು ಒತ್ತಿ: ಸುಧಾಕರಣ್ಣನ ಸ್ವರ. ಅಂದು ಅವಳು ಕೇಳದೆಯೇ ಶಿಶಿರ್ ಕೊಟ್ಟದ್ದು. ಇಂದು ಕೇಳಿದ್ದಾಳೆ. ಆದರೆ ಅವನನ್ನಲ್ಲ, ಮೆಷಿನ್ನನ್ನು.

“ಯಾವುದನ್ನೂ ಒತ್ಬೇಡಿ,” ಎಂದ ಶಿಶಿರ್, ಹಾಳೆಯ ಮೇಲೆ ಅಂಗೈ ಇಟ್ಟು.

ಆ ಕಡೆ ಅವಳು ಮೂಗೆಳೆದುಕೊಂಡಳು. ಕಿವಿಯಿಂದ ಫೋನು ಸರಿಸುವ ಪರಪರ ಸದ್ದು. ಇನ್ನು ಓಡುವ ಸೆಕೆಂಡುಗಳು ಅವಳ ಕಣ್ಣಿಗೆ ಬೀಳಬಹುದು. ಅಥವಾ ನೋಡದೆಯೇ ಕಟ್ ಮಾಡಬಹುದು.

“ಹೋಲ್ಡಾನ್,” ಎಂದ ಶಿಶಿರ್.

ಯಾರ ಸ್ವರದಲ್ಲಿ ಎಂದು ಕೇಳಬೇಡಿ. ಫೋನಿನಲ್ಲಿ ಆ ಮಾತು ಯಾರದ್ದೂ ಆಗಬಹುದು. ಆ ಬಸ್ಸಿನಲ್ಲಿ ಅದು ಒಬ್ಬರದ್ದೇ. ಅಥವಾ, ಹಿಂದಿನ ಸೀಟಿನಿಂದ ಬಂದರೆ, ಇನ್ನೊಬ್ಬನದ್ದು.

ಕರೆ ಕಟ್ ಆಗಿಲ್ಲ. ಎರಡು ಉಸಿರು ಕೇಳಿಸುತ್ತಿದೆ, ಬಸ್ಸು ನಿಂತಿದೆ. ‘ರೈಟ್’ ಎನ್ನುವುದು ರೈಟರನ ಕೆಲಸವಲ್ಲ.